ನಮ್ಮಕ್ಕನ ಮನೆಯಲ್ಲಿ ಉಣ್ಣದ ಖಳನಾಯಕ

ದೊಡ್ಡವರ ಬಗ್ಗೆ ಯಾರಿಗೂ ಗೊತ್ತಿಲ್ಲದ ಕಥೆ ಹೇಳು ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಕೆರೆದಿರುವಾಗ ಕೇಳುತ್ತಾರೆ. ಒಂದು ಸಾವಿನ ಮನೆಯಲ್ಲಿ, ಹೆಣ ಎತ್ತುವ ಮೊದಲು, ಒಬ್ಬ ಪಕ್ಕಕ್ಕೆ ಕರೆದು ಕೇಳಿದ. ಯಾರಿಗೂ ಗೊತ್ತಿಲ್ಲದ್ದು ನನಗೆ ಮಾತ್ರ ಹೇಗೆ ಗೊತ್ತಿರುತ್ತದೆ ಎಂದು ಒಬ್ಬನಾದರೂ ಯೋಚಿಸುವುದಿಲ್ಲ. ಗೊತ್ತಿಲ್ಲಪ್ಪ ಎಂದರೆ ಮುಖ ಸಣ್ಣ ಮಾಡಿಕೊಂಡು, "ಬುಡಣ್ಣ, ನೀನೀಗ ದೊಡ್ಡೋನಾದೆ" ಅನ್ನುತ್ತಾರೆ.

ದೊಡ್ಡವನೂ ಆಗಲಿಲ್ಲ, ಮಣ್ಣೂ ಆಗಲಿಲ್ಲ. ಆದದ್ದು ಏನು ಎಂದು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರು ಹೇಳದೆ ಹೇಳಿದ್ದಕ್ಕೇ ಇಷ್ಟೆಲ್ಲ ಆಯಿತು.

ನಾನು ಒಂದು ಆರ್ಕೆಸ್ಟ್ರಾದಲ್ಲಿ ಮೈಕ್ ಹಿಡಿದು ಮಾತಾಡುವವನು. ಬ್ಯಾನರಿನಲ್ಲಿ ನಿರೂಪಕ ಎಂದು ಹಾಕುತ್ತಾರೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನಿಗೆ ಆ ಮಾತು ಓದಿದಾಗಲೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಎಲ್ಲಿ ಗಣಪತಿ ಕೂರಿಸಿದ್ದಾರೋ, ಎಲ್ಲಿ ಯಾವ ಅಭಿಮಾನಿ ಸಂಘದ ವಾರ್ಷಿಕೋತ್ಸವವೋ ಅಲ್ಲಿಗೆ ನಮ್ಮ ವ್ಯಾನು ಹೋಗುತ್ತದೆ. ರಾಜ್ಯೋತ್ಸವವಂತೂ ಕ್ಯಾಲೆಂಡರಿನಲ್ಲಿ ಒಂದೇ ದಿನ; ನಮ್ಮ ಕಡೆ ನವೆಂಬರಿನಲ್ಲಿ ಶುರುವಾಗಿ ಸಂಕ್ರಾಂತಿ ಹತ್ತಿರ ಬಂದರೂ ಯಾವುದೋ ಒಂದು ಬೀದಿಯಲ್ಲಿ ಇನ್ನೂ ನಡೆಯುತ್ತಲೇ ಇರುತ್ತದೆ.

ನಮ್ಮ ತಂಡದಲ್ಲಿ ಸಿನಿಮಾ ನಟರ ಹಾಗೆ ಕಾಣುವವರು ಇದ್ದಾರೆ. ಅವರನ್ನು ಜೂನಿಯರ್ ಎನ್ನುತ್ತೇವೆ. ಬಹಳ ಹಿಂದೆ ತೀರಿಹೋದ ಒಬ್ಬ ದೊಡ್ಡ ಖಳನಟನ ಜೂನಿಯರ್ ನನ್ನ ಗೆಳೆಯ. ಉಳಿದ ಹೊತ್ತಿನಲ್ಲಿ ಅವನು ಹುಣಸೂರಿನಲ್ಲಿ ಕೋಳಿ ಅಂಗಡಿ ಇಟ್ಟಿದ್ದಾನೆ. ಹೀರೋಗಳ ಜೂನಿಯರ್‌ಗಳು ಹಾಡಿಗೆ ಕುಣಿದು ಹೋಗುತ್ತಾರೆ. ಖಳನಟನಿಗೆ ಹಾಡೆಲ್ಲಿ ಬಂತು? ಹೆಗಲ ಮೇಲೆ ಕಪ್ಪು ಶಾಲು ಹಾಕಿ ಬಂದು, ಬಾಯಿ ಮುಚ್ಚಿಕೊಂಡೇ ಗಂಟಲಿನಲ್ಲಿ ನಗುತ್ತಾನೆ. ಮುಂದಿನ ಸಾಲಿನ ಮಕ್ಕಳು ಅವ್ವಂದಿರ ಸೆರಗಿನೊಳಗೆ ಹೋಗುತ್ತವೆ. ಅಷ್ಟೇ ಅವನ ಪಾರ್ಟು. ಆದರೆ ಅದಕ್ಕೆ ಅಂಟು ಮೀಸೆ ಬೇಕು. ಬೆವರಿಗೆ ಗಮ್ಮು ಹಿಡಿಯುವುದಿಲ್ಲ. ಒಂದು ಕಡೆ ಅಂಟಿಸಿದರೆ ಇನ್ನೊಂದು ಕಡೆ ಜೋತುಬೀಳುತ್ತದೆ. ಅದು ಕೂರುವವರೆಗೆ ಸ್ಟೇಜು ಖಾಲಿ ಬಿಡುವಂತಿಲ್ಲ. ಆ ಖಾಲಿ ಹೊತ್ತನ್ನು ತುಂಬುವುದೇ ನನ್ನ ಕೆಲಸ.

ಮೊದಮೊದಲು ಜೋಕು ಹೇಳುತ್ತಿದ್ದೆ. ಗಂಡ ಹೆಂಡಿರ ಜೋಕು, ಕುಡುಕರ ಜೋಕು. ಜನ ಕಡಲೆಕಾಯಿ ಕೊಳ್ಳಲು ಎದ್ದು ಹೋಗುತ್ತಿದ್ದರು. ಒಂದು ಸಲ, ಏನೂ ತೋಚದೆ, "ನಿಮಗ್ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ" ಎಂದೆ. ಎದ್ದವರು ಕೂತರು. ರಸ್ತೆಯಲ್ಲಿ ಹೋಗುತ್ತಿದ್ದವನು ಬೈಕು ಆಫ್ ಮಾಡಿ ಒಂದು ಕಾಲು ನೆಲಕ್ಕೆ ಊರಿ ನಿಂತ. ನನಗೆ ದಾರಿ ಸಿಕ್ಕಿತು.

ಹುರಿದ ಕಡಲೆಕಾಯಿಯ ವಾಸನೆ ಮೂಗಿಗೆ ಬೀಳದಿದ್ದರೆ ಗಂಟಲು ತೆರೆಯದ ದೊಡ್ಡ ಗಾಯಕ. ಯಾರನ್ನು ಬೇಕಾದರೂ ಎತ್ತಿ ಒಗೆಯುವ, ಹಲ್ಲಿ ಕಂಡರೆ ಮಾತ್ರ ಜಗಲಿಗೆ ಓಡಿಬಂದು ಮಲಗುವ ಪೈಲ್ವಾನ. ಮಾರುವೇಷದಲ್ಲಿ ಸಂತೆಗೆ ಬಂದು, ಕಂಬಳಿ ಮಾರುವವಳ ಹತ್ತಿರ ಚೌಕಾಸಿ ಮಾಡಿ ಸೋತು ಹೋದ ಮಹಾರಾಜ. ಕೆಲವು ಹಿರಿಯರು ಹೇಳಿದ್ದು, ಬಹುಪಾಲು ನನ್ನ ಬಾಯಿಗೆ ಬಂದದ್ದು. ಇಂಥ ಕಥೆಗೆ ಒಂದು ನಡೆ ಇದೆ. ದೊಡ್ಡ ಮನುಷ್ಯ ಎಲ್ಲೋ ಒಂದು ಕಡೆ ನಮ್ಮಂತೆ ಸಣ್ಣವನಾಗಬೇಕು. ಅನ್ನವೋ ಮುದ್ದೆಯೋ ನಡುವೆ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದು ನಾವು ಶಾಮಿಯಾನ ಹಾಕಿದ ಊರಿನಲ್ಲೇ ನಡೆದಿರಬೇಕು. ಸರಗೂರಿನಲ್ಲಿದ್ದರೆ ಸರಗೂರಿನಲ್ಲಿ ನಡೆಯಿತು, ಅಂತರಸಂತೆಯಲ್ಲಿದ್ದರೆ ಅಂತರಸಂತೆಯಲ್ಲಿ. ಊರಿನ ಹೆಸರು ಬಂದ ಕೂಡಲೇ ಚಪ್ಪಾಳೆ ಬೀಳುತ್ತಿತ್ತು. ಮಹಾರಾಜರು ನಾಲ್ಕು ತಾಲ್ಲೂಕಿನಲ್ಲೂ ಕಂಬಳಿಗೆ ಚೌಕಾಸಿ ಮಾಡಿ, ಎಲ್ಲ ಕಡೆಯೂ ಸೋತಿದ್ದಾರೆ.

ಇದು ಸುಳ್ಳು ಎಂದು ಆಗ ನನಗೆ ಅನಿಸಲೇ ಇಲ್ಲ. ಮೈಕಿನ ಮಾತು ಮೈಕ್ ಆಫ್ ಆದ ಕೂಡಲೇ ಸಾಯುತ್ತದೆ ಎಂದುಕೊಂಡಿದ್ದೆ. ಕೈಕೈಯಲ್ಲೂ ಮೊಬೈಲು ಬಂದ ಮೇಲೆ ಯಾವ ಮಾತೂ ಸಾಯುತ್ತಿಲ್ಲ ಎನ್ನುವುದು ನನ್ನಂಥ ದಡ್ಡನಿಗೆ ತಡವಾಗಿ ತಿಳಿಯಿತು.

ನನ್ನ ಅಕ್ಕನನ್ನು ಕೊಟ್ಟಿರುವುದು ಕಂಪಲಾಪುರಕ್ಕೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಬಾವ ಹೊಗೆಸೊಪ್ಪು ಬೆಳೆಯುತ್ತಾರೆ. ಅರವತ್ತರ ಹತ್ತಿರ ಇದ್ದಾರೆ. ಒಂದು ಮಾತಾಡಬೇಕಾದರೆ ಮೂರು ಸಲ ಕೆಮ್ಮುವ ಮನುಷ್ಯ. ಅವ್ವ ಬೇಗ ಹೋದಳು, ನನ್ನನ್ನು ಎತ್ತಿ ಆಡಿಸಿದವಳು ಅಕ್ಕನೇ. ಮದುವೆಯಾಗಿ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗಿ ಒಂದಷ್ಟು ವರ್ಷ ತನ್ನ ಮನೆಯಲ್ಲೇ ಇಟ್ಟುಕೊಂಡಿದ್ದಳು. ಆ ಮನೆಯ ಪ್ರತಿ ಮೂಲೆ ನನಗೆ ಗೊತ್ತು. ಅದೇ ತಪ್ಪಾಯಿತು.

ಹೋದ ರಾಜ್ಯೋತ್ಸವದ ಸಮಯದಲ್ಲಿ ಕಂಪಲಾಪುರದಲ್ಲಿ ನಮ್ಮ ಕಾರ್ಯಕ್ರಮವಿತ್ತು. ಅಕ್ಕ ಪಕ್ಕದ ಮನೆಯವರನ್ನೆಲ್ಲ ಕರೆದುಕೊಂಡು ಬಂದು ಮುಂದೆ ಕೂತಿದ್ದಳು. ನನ್ನ ತಮ್ಮ ಮಾತಾಡುತ್ತಾನೆ ನೋಡಿ ಎನ್ನುವ ಸಡಗರ. ಗೆಳೆಯನ ಮೀಸೆ ಅವತ್ತು ಹಟ ಹಿಡಿದಿತ್ತು. ಪರದೆಯ ಸಂದಿಯಿಂದ ಕೈ ಆಡಿಸಿ, ಇನ್ನೂ ಎಳೆ, ಇನ್ನೂ ಎಳೆ ಅನ್ನುತ್ತಿದ್ದ. ನಾನು ಖಳನಾಯಕನ ಕಥೆ ಶುರು ಮಾಡಿದೆ.

ಕಥೆ ಇಷ್ಟು. ಆ ದೊಡ್ಡ ನಟರು ಕೊಡಗಿನ ಕಡೆ ಶೂಟಿಂಗಿಗೆ ಹೋಗುವಾಗ ಕಾರು ಕೆಟ್ಟು ಇದೇ ಊರಿನಲ್ಲಿ ನಿಂತಿತು. ಬಾಯಾರಿ ಒಂದು ಮನೆ ಬಾಗಿಲು ತಟ್ಟಿದರು. ಬಾಗಿಲು ತೆರೆದ ಹೆಂಗಸು ಪರದೆಯ ಮೇಲೆ ನೋಡಿದ್ದ ಆ ಮುಖ ಕಂಡು ಹೆದರಿ ಧಡಾರನೆ ಮುಚ್ಚಿಕೊಂಡಳು. ಅವರು ಜಗಲಿಯ ಮೇಲೆ ಕೂತು, ತಾಯೀ, ನಾನು ಕೆಟ್ಟವನಾಗುವುದು ಹೊಟ್ಟೆಪಾಡಿಗೆ, ನಿಜಕ್ಕೂ ಕೆಟ್ಟಿರುವುದು ನನ್ನ ಕಾರು ಮಾತ್ರ ಎಂದರು. ಆಕೆ ನಕ್ಕು, ಬಾಗಿಲು ತೆಗೆದು, ಮುದ್ದೆ ಬಸ್ಸಾರು ಇಕ್ಕಿದಳು. ಅವರು ಉಂಡು ತಟ್ಟೆಯನ್ನು ತಾವೇ ತೊಳೆದಿಟ್ಟು ಹೋದರು.

ಬೇರೆ ಊರುಗಳಲ್ಲಿ ಆ ಹೆಂಗಸು ಯಾವಾಗಲೂ ಮುದುಕಿಯೇ. ಅವತ್ತು ಎಳೆಯಬೇಕಿತ್ತಲ್ಲ, ಎದುರಿಗೆ ಹೆಂಗಸರೇ ತುಂಬಿದ್ದರಲ್ಲ, ಮುದುಕಿಯನ್ನು ಹೊಸದಾಗಿ ಮದುವೆಯಾಗಿ ಬಂದ ಸೊಸೆ ಮಾಡಿದೆ. ಮನೆಗೆ ಹಸಿರು ಬಾಗಿಲು ಇಟ್ಟೆ. ಮುಂದೆ ಸೀಬೆ ಮರ ನೆಟ್ಟೆ. ಹಾಸಿಗೆ ಹಿಡಿದ ಅತ್ತೆಯನ್ನು ಒಳಗೆ ಮಲಗಿಸಿದೆ. ಗಂಡನನ್ನು ಹೊಲಕ್ಕೆ ಕಳಿಸಿದೆ. ಹೊಸ ಮನೆ ಕಟ್ಟುವಷ್ಟು ಹೊತ್ತಿರಲಿಲ್ಲ, ಬಾಯಿಗೆ ಬಂದದ್ದು ಅಕ್ಕನ ಮನೆ. ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಅಕ್ಕನ ಅಕ್ಕಪಕ್ಕದ ಹೆಂಗಸರು ಅವಳ ಕಡೆ ತಿರುಗಿ ನಗುತ್ತಿದ್ದುದನ್ನು ಸ್ಟೇಜಿನ ಮೇಲಿಂದಲೇ ಕಂಡೆ. ಖುಷಿಗೆ ನಗುತ್ತಿದ್ದಾರೆ ಎಂದುಕೊಂಡೆ.

ಮಾರನೆಯ ದಿನ ಫೋನು ಬಂತು.

"ಲೋ, ಯಾವನ್ಲಾ ನಮ್ಮನೇಲಿ ಇಟ್ಟು ಬಸ್ಸಾರು ಉಂಡೋಗಿದ್ದು?"

"ಕತೆ ಕಣಕ್ಕ. ಜನ ಎಂಗ್ ಚಪ್ಪಾಳೆ ಒಡುದ್ರು ನೋಡ್ದಲ್ಲ."

"ಚಪ್ಪಾಳೆ ನೀನ್ ಇಸ್ಕಂಡೋದೆ. ಇಲ್ಲಿ ನಲ್ಲಿತಾವ ನನ್ನ ಕೇಳ್ತಾವ್ರೆ, ಕೈ ತೊಳ್ಯಾಕೆ ನೀರು ಕೊಟ್ಟೋಳು ನೀನೇನಾ ಅಂತ. ಗಂಡ ಒಲಕ್ಕೋದಾಗ ಯಾವನ್ಗೋ ಇಟ್ಟಿಕ್ಕೋದು ಅಂದ್ರೆ ಏನ್ ಅರ್ಥ ಬತ್ತದೆ ಅಂತ ನಿನ್ ತಲೇಗೆ ಒಳೀಲಿಲ್ವಾ?"

"ಅವ್ರು ಸತ್ತು ಎಷ್ಟೋ ವರ್ಷ ಆಯ್ತು ಬುಡಕ್ಕ."

"ಅವ್ರು ಸತ್ರು ಕಣ್ಲಾ. ನಾನ್ ಇನ್ನೂ ಬದುಕಿವ್ನಿ."

ಎರಡು ದಿನ ಆಡಿಕೊಂಡು ಸುಮ್ಮನಾಗುತ್ತಾರೆ ಎಂದೆ. ಸುಮ್ಮನಾಗುತ್ತಿದ್ದರೋ ಏನೋ. ನನ್ನ ನಿಜವಾದ ತಪ್ಪು ಆಮೇಲಿನದು. ಅದನ್ನು ಬರೆಯಬೇಕೆಂದೇ ಇಷ್ಟೆಲ್ಲ ಬರೆಯುತ್ತಿರುವುದು.

ಯಾರೋ ಆ ಮಾತನ್ನು ಮೊಬೈಲಿನಲ್ಲಿ ಹಿಡಿದು ಬಿಟ್ಟಿದ್ದರು. ಅದನ್ನು ನೋಡಿ, ಮೊಬೈಲಿನಲ್ಲೇ ಚಾನೆಲ್ ನಡೆಸುವ ಒಬ್ಬ ಯುವಕ ಮೈಸೂರಿನಿಂದ ನನ್ನನ್ನು ಹುಡುಕಿಕೊಂಡು ಬಂದ. ಚೆನ್ನಾಗಿ ಓದಿದವನು. ಕನ್ನಡವನ್ನು ತೊಳೆದು ಇಸ್ತ್ರಿ ಮಾಡಿದಂತೆ ಮಾತಾಡುತ್ತಿದ್ದ. ನನ್ನ ಕಾಲರಿಗೆ ಕಡಲೆಕಾಯಿಯಷ್ಟು ಮೈಕ್ ಸಿಕ್ಕಿಸಿ ಸರ್, ಸರ್ ಎಂದ. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಸರ್ ಎಂದಿರಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಕೊನೆಗೆ ಅವನು, "ಸರ್, ಇದು ನೀವು ಕೇಳಿದ ಕಥೆಯೋ, ಅಥವಾ ನಿಜವಾಗಿ ನಡೆದದ್ದೋ? ಆ ಮನೆ ಈಗಲೂ ಇದೆಯಾ?" ಎಂದು ಕೇಳಿದ.

ಕೇಳಿದ್ದು ನೇರವಾಗಿಯೇ. ಇಲ್ಲಪ್ಪ, ಮೀಸೆ ಅಂಟುವ ತನಕ ಹೇಳಿದ್ದು ಎನ್ನಬಹುದಿತ್ತು. ಅಕ್ಕನ ಫೋನು ಬಂದು ವಾರವೂ ಆಗಿರಲಿಲ್ಲ. ನಾನು ಕೆಮೆರಾ ಕಡೆ ನೋಡಿ, "ಇದೆ. ಅದು ನಮ್ಮಕ್ಕನ ಮನೆಯೇ" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯಾರೂ ಹೆದರಿಸಿರಲಿಲ್ಲ, ಕುಡಿದಿರಲಿಲ್ಲ. ಇಲ್ಲ ಎಂದರೆ ಆ ಹುಡುಗ ಮೈಕ್ ಬಿಚ್ಚಿಕೊಂಡು ಹೊರಟು ಹೋಗುತ್ತಾನಲ್ಲ ಎನ್ನುವ ಆಸೆಬುರುಕತನ. ಅಷ್ಟೇ. ಇದಕ್ಕಿಂತ ಮರ್ಯಾದೆಯ ಕಾರಣ ನನಗೆ ಸಿಕ್ಕಿಲ್ಲ.

ಅಲ್ಲಿಂದ ಶುರುವಾಯಿತು ಜಾತ್ರೆ. ಭಾನುವಾರವಾದರೆ ಅಕ್ಕನ ಮನೆ ಮುಂದೆ ಬೈಕು, ಕಾರು. ಕೊಡಗಿಗೆ ಟೂರ್ ಹೋಗುವವರು ದಾರಿಯಲ್ಲಿ ಇಳಿದು ಬಾಗಿಲಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಭಿಮಾನಿಗಳು ಬಂದು ಬಾಗಿಲಿಗೆ ಹಾರ ಹಾಕಿದರು. ಹಸು ಅದನ್ನು ತಿಂದು ದಾರ ಗಂಟಲಿಗೆ ಸಿಕ್ಕಿಕೊಂಡಿತು. ಒಬ್ಬ, ಅವರು ಕೂತ ಜಾಗದಲ್ಲೇ ಕೂರಿಸಿ ನನಗೂ ಅರ್ಧ ಮುದ್ದೆ ಹಾಕಮ್ಮ ಎಂದು ಕೇಳಿದ. ಇನ್ನೊಬ್ಬಳು, ಒಂದು ಸಲ ಬಾಗಿಲು ಮುಚ್ಚಿ ಹೆದರಿದ ಹಾಗೆ ಮಾಡಿ, ಆಮೇಲೆ ನಗುತ್ತಾ ತೆಗೆಯಿರಿ ಎಂದಳು. ಅಕ್ಕ ಪೊರಕೆ ತೆಗೆದುಕೊಂಡು ಅಟ್ಟಿಸಿಕೊಂಡು ಹೋದಳು. ಅದೂ ವಿಡಿಯೊ ಆಯಿತು. ಖಳನಾಯಕನಿಗೆ ಅನ್ನವಿಟ್ಟ ಮಹಾತಾಯಿಗೆ ಈಗ ಯಾಕಿಷ್ಟು ಕೋಪ ಎಂದು ಅದಕ್ಕೆ ಹೆಸರಿಟ್ಟರು. ಕೆಳಗೆ ಜನ ಏನೇನು ಬರೆದಿದ್ದರು ಎಂಬುದನ್ನು ಇಲ್ಲಿ ಬರೆಯಲಾರೆ. ಬರೆದವರಲ್ಲಿ ಕಂಪಲಾಪುರದವರೂ ಇದ್ದರು.

ಇಷ್ಟಾದ ಮೇಲೆ ಬಾವ ಮೂರು ಸಲ ಕೆಮ್ಮಿ ಅಕ್ಕನನ್ನು ಕೇಳಿದರಂತೆ: "ಅವತ್ತು ನಾನು ಎಲ್ಲೋಗಿದ್ದೆ?"

ಅಕ್ಕ ಅಂದಳಂತೆ: "ಅವತ್ತು ಅನ್ನೋ ದಿನಾನೇ ಇಲ್ಲ ಕಣ್ರೀ."

ಬಾವ ಮಾರನೆಯ ದಿನದಿಂದ ಮನೆಯಲ್ಲಿ ಉಣ್ಣುವುದು ಬಿಟ್ಟರು. ಬೆಳಿಗ್ಗೆ ಎದ್ದು ರಸ್ತೆ ಬದಿಯ ಹೋಟೆಲಿಗೆ ಹೋಗಿ ಇಡ್ಲಿ, ಮಧ್ಯಾಹ್ನ ಅಲ್ಲೇ ಅನ್ನ. ಮನೆಯಲ್ಲಿ ಹೆಂಡತಿ ಇರುವ ಗಂಡಸು ಊರಿನ ಹೋಟೆಲಿನಲ್ಲಿ ದಿನಾ ಎಲೆ ಹಾಕಿಸಿಕೊಂಡರೆ ಬೇರೆ ಡಂಗುರ ಬೇಕಿಲ್ಲ. ಜಗಳವಾಡಿದ್ದರೆ, ಎರಡು ಮಾತು ಬೈದಿದ್ದರೆ ಅಕ್ಕ ತಡೆಯುತ್ತಿದ್ದಳು. ಇಕ್ಕಿದ ತಟ್ಟೆಯನ್ನು ದಾಟಿಕೊಂಡು ಹೋಗುವುದನ್ನು ಹೇಗೆ ತಡೆಯುವುದು? ಅಷ್ಟು ವರ್ಷ ಆ ಮನೆಯಲ್ಲಿ ಬೆಂದು, ಅತ್ತೆಯ ಹೇಲು ಉಚ್ಚೆ ಬಳಿದು, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಬೆಂಕಿ ಕಾದು ಗಳಿಸಿದ ಹೆಸರು ನನ್ನ ಒಂದು ಮಾತಿಗೆ ಹೋಯಿತು.

ಓಡಿಹೋದೆ. ಬಾವ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದರು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನನ್ನು ಬಾ ಎನ್ನಲಿಲ್ಲ.

"ಬಾವ, ಎಲ್ಲಾ ನಾನು ಕಟ್ಟಿದ್ದು. ಯಾರೂ ಬಂದಿರಲಿಲ್ಲ, ಯಾರೂ ಉಣ್ಣಲಿಲ್ಲ" ಎಂದೆ.

ಬಾವ ಕೆಮ್ಮಿದರು. "ಬಾಗ್ಲು ಹಸ್ರು ಅಂದೆ. ನಮ್ ಬಾಗ್ಲು ಹಸ್ರು. ಸೀಬೆ ಮರ ಅಂದೆ. ನಮ್ದು ಸೀಬೆ ಮರ. ಅತ್ತೆ ಹಾಸ್ಗೆ ಹಿಡ್ದವ್ಳೆ ಅಂದೆ. ನಮ್ಮವ್ವ ಆಗ ಹಾಸ್ಗೇಲಿದ್ಲು. ಇಷ್ಟ್ ದಿಟ ಇಕ್ಕಂಡು ಒಂದೇ ಒಂದ್ ಮಾತು ಸುಳ್ಳಾ?"

"ಹೂಂ ಬಾವ. ಅದೊಂದೇ ಸುಳ್ಳು."

"ಅಂಗಾರೆ ಆ ಮೈಸೂರ ಹುಡುಗ ಕೇಳ್ದಾಗ ಯಾಕೆ ಹೌದು ಅಂದೆ?"

ಅವನು ನನ್ನನ್ನು ಸರ್ ಎಂದ ಬಾವ, ಅನ್ನುವುದೇ? ತಲೆ ಬಗ್ಗಿಸಿದೆ. ಬಾವ ಅದನ್ನು ಬೇರೆಯೇ ಓದಿಕೊಂಡರು.

"ನೀನು ಅವಳ ತಮ್ಮ. ಅಕ್ಕನ್ನ ಉಳಿಸ್ಕಳಕ್ಕೆ ಈಗ ಇಲ್ಲ ಅಂತಿದ್ದೀಯ. ನಿನ್ ಜಾಗದಲ್ಲಿ ನಾನಿದ್ರೂ ಅಂಗೇ ಅಂತಿದ್ದೆ. ಓಗು."

ಅಕ್ಕ ಹೇಳಿದ್ದು ಒಂದೇ ಮಾತು. "ಕಟ್ಟೋವಾಗ ಎಲ್ರೂ ನಂಬಿದ್ರು. ಬಿಚ್ಚೋವಾಗ ಯಾರೂ ನಂಬ್ತಿಲ್ಲ, ನೋಡ್ದೇನ್ಲಾ?"

ಚಾನೆಲಿನ ಹುಡುಗನಿಗೆ ಫೋನು ಮಾಡಿದೆ. ನಾನು ಹೇಳಿದ್ದು ಸುಳ್ಳು, ಅದನ್ನು ತೆಗೆದುಹಾಕಪ್ಪ, ಬೇಕಾದರೆ ಸುಳ್ಳು ಎಂದು ನಾನೇ ಹೇಳುತ್ತೇನೆ, ಅದನ್ನು ಹಾಕು ಎಂದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ! "ಖಂಡಿತ ಹಾಕೋಣ ಸರ್. ಅಕ್ಕನ ಮಾನಕ್ಕಾಗಿ ಸತ್ಯ ಮುಚ್ಚಿಡುತ್ತಿರುವ ತಮ್ಮ ಅಂತ ಟೈಟಲ್ ಕೊಟ್ಟರೆ ಹೇಗಿರುತ್ತೆ?" ಎಂದ. ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಹೊಸ ಫೋನು, ಎಸೆಯಲಿಲ್ಲ. ಪ್ರತಿ ಸ್ಟೇಜಿನ ಮೇಲೂ, ಆ ಕಥೆ ನಾನು ಕಟ್ಟಿದ್ದು ಎಂದು ಹೇಳತೊಡಗಿದೆ. ಪಿರಿಯಾಪಟ್ಟಣದಲ್ಲಿ ಹೇಳಿದಾಗ ಜನ ನಕ್ಕರು. ಅದನ್ನೂ ಜೋಕು ಎಂದುಕೊಂಡರು. ಕೆ.ಆರ್. ನಗರದಲ್ಲಿ ಒಬ್ಬ ಹಿರಿಯರು ಸ್ಟೇಜಿನ ಹಿಂದೆ ಬಂದು ನನ್ನ ಭುಜ ತಟ್ಟಿ, ದೊಡ್ಡವರ ಮನೆ ವಿಷಯ, ಮುಚ್ಚಿಡುವುದೇ ಒಳ್ಳೆಯದು, ನಿನ್ನದು ದೊಡ್ಡ ಗುಣ ಎಂದರು. ಇಂಥವರಿಗೆ ಏನು ಹೇಳುತ್ತೀರಿ?

ಕೊನೆಗೆ ದಾರಿ ತೋರಿಸಿದವನು ಕೋಳಿ ಅಂಗಡಿಯ ಗೆಳೆಯ. ಅವನು ನಾಟಿ ಕೋಳಿ ಕೊಳ್ಳಲು ಸರಗೂರಿಗೆ ಹೋಗಿ ಬರುತ್ತಿರುತ್ತಾನೆ.

"ಲೇ, ಸರಗೂರಲ್ಲಿ ಒಂದ್ ಅಜ್ಜಿ ಅದೆ ಕಣ್ಲಾ. ಕೋಳಿ ಕೊಟ್ಟಾಗೆಲ್ಲಾ ನನ್ ಮೊಕ ನೋಡಿ, ನಿನ್ನಂಗೇ ಇದ್ರು ಕಣಪ್ಪ ಅವ್ರು, ನಮ್ಮನೇಲಿ ಇಟ್ಟು ಉಂಡೋಗಿದ್ರು ಅಂತದೆ. ಅದು ನೀನು ಸರಗೂರಲ್ಲಿ ಬುಟ್ಟಿದ್ ಕತೇನೇ."

"ಅಜ್ಜಿ ನಂಬವ್ಳಾ?"

"ನಂಬೋದೇನು, ಉಣ್ಣಿಕ್ಕವ್ಳೆ."

ಆಗ ಸಿಟ್ಟಿನ ನಡುವೆಯೂ ಒಂದು ಉಪಾಯ ಹೊಳೆಯಿತು. ಬಾವನನ್ನು ಆ ಅಜ್ಜಿಯ ಮುಂದೆ ಕೂರಿಸಬೇಕು. ನನ್ನದೇ ಮಾತು, ನನ್ನದೇ ಕೆಟ್ಟ ಕಾರು, ಆ ಮುದುಕಿಯ ಬಾಯಲ್ಲಿ ಬರುವುದನ್ನು ಕೇಳಿದರೆ, ಇದು ಊರೂರಿಗೆ ಮಾರಿದ ಸರಕು ಎಂದು ಎಂಥ ಮೊಂಡನಿಗೂ ತಿಳಿಯುತ್ತದೆ.

ಬಾವ ಬರುವುದಿಲ್ಲ ಎಂದರು. ಅಕ್ಕ ಒಳಗಿನಿಂದಲೇ, "ಓಗ್ಬನ್ನಿ. ನನ್ ಮಾತು ಬ್ಯಾಡ, ಕಣ್ಣಾರೆ ನೋಡ್ಕಬನ್ನಿ" ಎಂದಳು. ಹೊರಟರು. ಹುಣಸೂರಿನಲ್ಲಿ ಬಸ್ಸು ಬದಲಿಸಿ ಎಚ್.ಡಿ. ಕೋಟೆಗೆ, ಕೋಟೆಯಿಂದ ಸರಗೂರಿಗೆ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕೋಟೆಯಲ್ಲಿ ಟೀ ಕೊಡಿಸಿದೆ. ತಮ್ಮ ಕಾಸನ್ನು ತಾವೇ ಕೊಟ್ಟರು.

ಅಜ್ಜಿಯ ಮನೆ ಸಂತೆಮಾಳದ ಹಿಂದಿನ ಬೀದಿಯಲ್ಲಿ. ಒಬ್ಬಳೇ ಇರುತ್ತಾಳೆ, ಕೋಳಿ ಸಾಕಿದ್ದಾಳೆ. ಕೋಳಿ ಅಂಗಡಿಯವನ ಸ್ನೇಹಿತರು ಎಂದ ಕೂಡಲೇ ಚಾಪೆ ಹಾಸಿದಳು. ನನ್ನನ್ನು ದಿಟ್ಟಿಸಿ ನೋಡಿ, "ಮೈಕಲ್ಲಿ ಮಾತಾಡೋನಲ್ವಾ ನೀನು? ನಮ್ಮನೆ ಕತೇನ ಊರ ಮುಂದೆ ಏಳ್ದಲ್ಲ ಮಗ, ತಣ್ಣಗಿರು" ಎಂದಳು.

ಬಾವ ನನ್ನ ಕಡೆ ನೋಡಿದರು.

ಅಜ್ಜಿಯನ್ನು ಕೇಳಬೇಕಾಗಲೇ ಇಲ್ಲ. ತಾನೇ ಶುರು ಮಾಡಿದಳು. ಕಾರು ಕೆಟ್ಟಿದ್ದು, ಬಾಗಿಲು ಮುಚ್ಚಿಕೊಂಡದ್ದು, ಹೊಟ್ಟೆಪಾಡಿನ ಮಾತು, ಎಲ್ಲ ನನ್ನದೇ. ನಾನು ಒಳಗೊಳಗೇ, ನೋಡಿ ಬಾವ, ನೋಡಿ ಎಂದುಕೊಳ್ಳುತ್ತಿದ್ದೆ. ಆದರೆ ಅಜ್ಜಿ ಅಲ್ಲಿಗೆ ನಿಲ್ಲಿಸಲಿಲ್ಲ.

"ಎಷ್ಟು ಉಂಡ್ರವ್ವ?" ಬಾವ ಕೇಳಿದರು. ಅಷ್ಟು ದಿನಗಳಲ್ಲಿ ಕೆಮ್ಮದೆ ಆಡಿದ ಮೊದಲ ಮಾತು.

"ಒಂದು ಇಟ್ಟು ಉಂಡು, ಇನ್ನೊಂದ್ರಲ್ಲಿ ಅರ್ಧ ಮುರ್ದ್ರು. ಗೋಡೆ ಕಡಿಕೆ ಮೊಕ ಮಾಡ್ಕಂಡು ಉಂಡ್ರು ಕಣಪ್ಪ. ಯಾಕೆ ಸಾಮಿ ಅಂಗ್ ಕೂತ್ಕಂಡ್ರಿ ಅಂದೆ. ನನ್ ಮೊಕ ನೋಡುದ್ರೆ ನಿಂಗೆ ಬಯ ಆಯ್ತದೆ ತಾಯಿ, ನೀನು ನಿನ್ ಕೆಲ್ಸ ನೋಡ್ಕೊ ಅಂದ್ರು."

ಇದು ನಾನು ಹೇಳಿದ್ದಲ್ಲ. ಗೋಡೆಗೆ ಮುಖ ಮಾಡಿ ಉಣ್ಣುವ ಖಳನಾಯಕ! ಇಷ್ಟು ವರ್ಷ ಮೈಕ್ ಹಿಡಿದರೂ ಇಂಥದ್ದೊಂದು ನನಗೆ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಒಂದು ಗಳಿಗೆ, ನಿಜವಾಗಿಯೂ ಯಾರಾದರೂ ಬಂದಿದ್ದರೇನೋ ಎಂದು ನನಗೇ ಅನುಮಾನ ಬಂತು. ಹೇಳುವಾಗ ಅಜ್ಜಿಯ ಕಣ್ಣು ಆ ಗೋಡೆಯ ಕಡೆಗೇ ಇತ್ತು. ಅಲ್ಲಿ ಏನೂ ಇರಲಿಲ್ಲ, ಮೊಟ್ಟೆಗೆ ಕೂತ ಒಂದು ಕೋಳಿ ಬಿಟ್ಟರೆ.

ಆಮೇಲೆ ಅಜ್ಜಿ ನಮ್ಮನ್ನು ಬಿಡಲಿಲ್ಲ. ಉಂಡೇ ಹೋಗಬೇಕು ಎಂದಳು. ಬಾವ ಕೈ ತೊಳೆದು ಬಂದು ಕೂತು ಉಂಡರು. ಕೇಳಿ ಇನ್ನೊಂದು ಹಾಕಿಸಿಕೊಂಡು ಉಂಡರು. ನಾನು ಮುದ್ದೆ ಮುರಿಯುತ್ತಲೇ ಇದ್ದೆ. ಇದೂ ನಾನು ಕಟ್ಟಿದ್ದೇ ಅಜ್ಜಿ, ನಿಮ್ಮ ಮನೆಗೆ ಯಾರೂ ಬಂದಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ಹೇಳಲೆಂದೇ ಹೋದವನು. ಒಬ್ಬಳೇ ಇರುವ ಮುದುಕಿ, ಅವಳ ಮನೆಗೆ ಇನ್ನು ಯಾರೂ ಬರುವವರಿಲ್ಲ, ಬಂದವನೊಬ್ಬ ಇದ್ದ. ಅವನನ್ನು ಎಬ್ಬಿಸಿ ಕಳಿಸಲು ನನಗೆ ಬಾಯಿ ಬರಲಿಲ್ಲ. ಬಾವನಿಗೆ ಬಸ್ಸಿನಲ್ಲಿ ಬಿಡಿಸಿ ಹೇಳಿದರಾಯಿತು ಎಂದುಕೊಂಡೆ.

ಬಸ್ಸು ಹೊರಟ ಮೇಲೆ ಬಾವ ನನ್ನ ಕಡೆ ತಿರುಗಿದರು.

"ಅಪ್ಪಟ ಸುಳ್ಳುಗಾರ ಕಣ್ಲಾ ನೀನು."

ಕೈ ಮುಗಿಯುವಷ್ಟು ಖುಷಿಯಾಯಿತು. "ಅದ್ನೇ ಬಾವ, ನಾನು ಮೊದಲಿಂದ ಏಳ್ತಿದ್ದದ್ದು!"

"ಆ ಅವ್ವನ ಮನೇಲಿ ನಡ್ದದ್ದ ತಂದು ನಮ್ಮನೆ ಬಾಗ್ಲಿಗೆ ಅಂಟಿಸ್ದಲ್ಲ. ಒಂಟಿ ಮುದ್ಕಿ ಪುಣ್ಯನ ಕದ್ದು ನಿಮ್ಮಕ್ಕನ ತಲೆ ಮೇಲೆ ಕಟ್ಟಿದ್ಯಲ್ಲ. ನಾಚ್ಕೆ ಆಗಲ್ವಾ?"

"ಬಾವ, ಅಲ್ಲೂ ಯಾರೂ ಬಂದಿರ್ಲಿಲ್ಲ. ಆ ಕತೇನೂ ನಂದೇ."

"ಬಾಯ್ ಮುಚ್ಚು. ಗೋಡೆ ಕಡೆ ಮೊಕ ಮಾಡ್ಕಂಡ್ ಉಂಡ್ರು ಅಂತದೆ. ಅಂಥ ಮಾತ್ನ ನೀನು ಕಟ್ಟೀಯಾ? ನಿನ್ ಯೋಗ್ಯತೆಗೆ?"

ಕೋಟೆ ದಾಟಿ ಹುಣಸೂರು ಬರುವವರೆಗೂ ಹೇಳಿದೆ. ಮೀಸೆ, ಗಮ್ಮು, ಊರೂರು ಬದಲಾಗುವ ಮುದುಕಿ, ಕಂಬಳಿಯ ಮಹಾರಾಜ, ಎಲ್ಲ ಹೇಳಿದೆ. ಮುಂದಿನ ಸೀಟಿನವರು ತಿರುಗಿ ಕೇಳತೊಡಗಿದರು. ಬಾವ ಕಣ್ಣು ಮುಚ್ಚಿಕೊಂಡರು. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಸತ್ತ ಖಳನಾಯಕ ಉಂಡದ್ದು ಸರಗೂರಿನಲ್ಲಿ. ಅಲ್ಲಿ ಉಂಡವನು ಕಂಪಲಾಪುರದಲ್ಲಿ ಯಾಕೆ ಉಣ್ಣುತ್ತಾನೆ? ನನ್ನ ಒಂದು ಸುಳ್ಳು ಕೆಡಿಸಿದ್ದನ್ನು ನನ್ನದೇ ಇನ್ನೊಂದು ಸುಳ್ಳು ಸರಿ ಮಾಡಿತ್ತು. ನಡುವೆ ನಾನು ಹೇಳಿದ ಒಂದೇ ಒಂದು ನಿಜಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ.

ಮನೆ ತಲುಪಿದಾಗ ಅಕ್ಕ ಒಲೆ ಮುಂದೆ ಇದ್ದಳು. ಬಾವ ಚ‌ಪ್ಪಲಿ ಬಿಟ್ಟು, ಕಾಲು ತೊಳೆದು, ಏನೂ ನಡೆದೇ ಇಲ್ಲವೆಂಬಂತೆ ಅಡುಗೆಮನೆಗೆ ಹೋಗಿ ಗೋಡೆಗೆ ಒರಗಿ ಕೂತರು.

"ನಿನ್ದೇನೂ ತಪ್ಪಿಲ್ಲ ಬುಡು. ಸರಗೂರಿನ್ ಅವ್ವನ ಮನೇಲಿ ನಡ್ದದ್ದಂತೆ ಅದು. ಪಾಪ, ಆಯಮ್ಮ ಎಲ್ಲಾ ಬಿಡ್ಸಿ ಏಳ್ತು. ತಟ್ಟೆ ಹಾಕು."

ಅಕ್ಕ ನನ್ನ ಕಡೆ ನೋಡಿದಳು. ಹೇಳು ಎನ್ನುವಂತೆ ಇತ್ತು ಆ ನೋಟ. "ಬಾವ..." ಎಂದೆ. ಮುಂದೆ ಹೋಗಲಿಲ್ಲ. ಹೇಳಿದರೆ ಮತ್ತೆ ಹೋಟೆಲು. ಹೇಳದಿದ್ದರೆ ಈ ಸುಳ್ಳಿನ ಮೇಲೆ ಅವಳ ಸಂಸಾರ. ಅಕ್ಕನಿಗೆ ನನ್ನ ಮುಖದಲ್ಲೇ ಎಲ್ಲ ಗೊತ್ತಾಯಿತು. ಅವಳು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು.

"ನಾನ್ ಏಳ್ದೆ. ಉಣ್ಣಲಿಲ್ಲ ನೀವು. ಎಂದೂ ನೋಡ್ದೇ ಇರೋ ಸರಗೂರಿನ್ ಅವ್ವ ಏಳುದ್ಲು, ಬಂದ್ ಕೂತ್ರಿ."

"ಈಗ ಬಂದ್ನಲ್ಲ."

"ಬಂದ್ರಿ. ಇಟ್ಟು ಅಲ್ಲಿ ಅದೆ, ಸಾರು ಇಲ್ಲಿ ಅದೆ. ಇಕ್ಕಂಡ್ ಉಣ್ಣಿ."

ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕೂತಳು. ನಾನೂ ಹೋಗಿ ಒಂದಿಷ್ಟು ದೂರದಲ್ಲಿ ಕೂತೆ. ಅಕ್ಕ, ತಪ್ಪಾಯಿತು ಎಂದೆ. ಅದನ್ನು ಆ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೆ. ಆವತ್ತು ಹೇಳುವಾಗ ಮಾತ್ರ ಮುಂದೆ ಏನೂ ಸೇರಿಸಬೇಕೆನಿಸಲಿಲ್ಲ.

"ಮೈಕ್ ಹಿಡ್ದಾಗ ಇರೋ ಬಾಯಿ, ಈಗ್ ಒಳಗೆ ಎಲ್ಲೋಗಿತ್ತು?" ಎಂದಳು. ನನ್ನ ಕಡೆ ನೋಡಲಿಲ್ಲ. ಅಳುತ್ತಲೂ ಇರಲಿಲ್ಲ.

ಒಳಗೆ ಪಾತ್ರೆಗಳ ಸದ್ದು ಶುರುವಾಯಿತು. ಮದುವೆಯಾದಾಗಿನಿಂದ ಬಾವ ತಾವೇ ಬಡಿಸಿಕೊಂಡವರಲ್ಲ. ಮುಚ್ಚಳವೊಂದು ಬಿದ್ದು ಉರುಳಿ ಸುತ್ತು ಹಾಕಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮು.

"ಉಪ್ಪು ಎಲ್ಲಿ ಅದೆ?"

ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಎದ್ದೆ. ಅಕ್ಕ ಕೈ ಚಾಚಿ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದಳು.

"ಕೂತ್ಕೊಳ್ಲಾ. ಉಡುಕ್ಕಂಡ್ ಉಣ್ಲಿ."